ಎಂಟು ಗಂಟೆಯ ಮೇಲೆ ಜಿಗಿದ ಸಾಲು: ಜೇವರ್ಗಿ ಬಯಲಿನ ಒಂದು ಸರ್ವೆ ಪ್ರಕರಣ

ಜೇವರ್ಗಿ ತಾಲ್ಲೂಕಿನ ಎರೆ ಬಯಲಿನಲ್ಲಿ ಒಂದು ಸೋಲಾರ್ ಘಟಕದ ಕೆಲಸ ನಡೆದಿತ್ತು. 2024ರ ಮಾರ್ಚ್ ಕೊನೆಯ ದಿನಗಳು. ತೊಗರಿ ಕೊಯ್ದು ಖಾಲಿಯಾದ ಹೊಲ, ಕಣ್ಣು ಹಾಯಿಸಿದಷ್ಟು ದೂರ ಒಂದು ಮರ ಇಲ್ಲ. ಪ್ಯಾನೆಲ್ ನಿಲ್ಲಿಸುವ ಪೈಲ್‌ಗಳಿಗೆ, ಅಂದರೆ ನೆಲದಲ್ಲಿ ಹೂಳುವ ಕಂಬಗಳಿಗೆ, ಸಂಜೆ ಹೊತ್ತು ಜಾಗ ಅಳೆದು ಗೂಟ ಹೊಡೆಯೋದು, ಮರುದಿನ ಆ ಗೂಟ ಇದ್ದಲ್ಲಿ ಮಷೀನಿನಿಂದ ಕುಣಿ ತೋಡೋದು, ಹೀಗೆ ಕೆಲಸ ಸಾಗಿತ್ತು. ಒಂದು ಬೆಳಿಗ್ಗೆ ಮಷೀನಿನವರು ಒಂದು ಸಾಲಿನ ನಡುವೆ ಕೆಲಸ ನಿಲ್ಲಿಸಿಬಿಟ್ಟರು. ಸಾಲು ಅರ್ಧದವರೆಗೆ ನೆಟ್ಟಗೆ ಬಂದಿತ್ತು. ಒಂದು ಗೂಟದ ಹತ್ತಿರ ಪಕ್ಕಕ್ಕೆ ಜಿಗಿದಿತ್ತು. ಅಲ್ಲಿಂದ ಮತ್ತೆ ನೆಟ್ಟಗೆ ಹೋಗಿತ್ತು. ದಾರ ಎಳೆದು ಅಳೆದರೆ ಜಿಗಿತ ಒಂದು ಗೇಣಿಗಿಂತ ಜಾಸ್ತಿ. ಪೈಲ್ ವಿಷಯದಲ್ಲಿ ಎರಡು ಮೂರು ಸೆಂಟಿಮೀಟರ್ ಹೆಚ್ಚುಕಮ್ಮಿ ಆದರೆ ನಡೆಯುತ್ತದೆ, ಅದಕ್ಕಿಂತ ಆಚೆ ಇಲ್ಲ. ಅಷ್ಟರಲ್ಲಿ ಕೆಲವು ಕುಣಿ ತೋಡಿಯೂ ಆಗಿತ್ತು.

ಕೋಲಿನ ತುದಿಗೆ ಜಿಪಿಎಸ್ ರಿಸೀವರ್ ಕೂರಿಸಿದ ರೋವರ್ ಅನ್ನೋ ಉಪಕರಣ ಹಿಡಿದು ಗುರುತು ಹಾಕಿದ್ದು ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ್ದ ಒಬ್ಬ ಹುಡುಗ. ನನ್ನ ಹತ್ತಿರ ಫಿಸಿಕ್ಸ್ ಕಲಿತವನು. ಸೈಟ್ ಎಂಜಿನಿಯರ್ ತೀರ್ಪು ಕೊಟ್ಟಾಗಿತ್ತು: "ನಿದ್ದಿಗಣ್ಣಾಗ ಕೋಲ್ ಹಿಡದಾನ್ರಿ, ಮತ್ತೇನ್ ಆಗ್ತದ." ಕುಣಿ ಮುಚ್ಚಿ ಮತ್ತೆ ತೋಡುವ ಖರ್ಚು ಹುಡುಗನ ಬಿಲ್ಲಿನಲ್ಲೇ ಕಡಿತ ಅಂತ ಗುತ್ತಿಗೆದಾರರೂ ಹೇಳಿದ್ದರು. ಹುಡುಗ ನನಗೆ ಫೋನ್ ಮಾಡಿದ. "ಸರ್, ಎಂಟು ಹೊಡೀತಂದ್ರ ಫಿಕ್ಸ್ ಹೋಗ್ತದ್ರಿ. ಮತ್ತ ತಾನೇ ಬರ್ತದ. ಬಂದ್ ಮ್ಯಾಲ ಸ್ಕ್ರೀನ್ ಮ್ಯಾಗ ಎಲ್ಲಾ ಬರೋಬ್ಬರಿ ಅದ ಅಂತನೇ ತೋರಸ್ತದ. ನಾ ಏನ್ ಮಾಡ್ಲಿ?"

ಈ ಮಾತಿನಲ್ಲೇ ಮುಕ್ಕಾಲು ಉತ್ತರ ಇತ್ತು. ಆದರೆ ದುಡ್ಡಿನ ವಿಷಯ ಬಂದಾಗ ಊಹೆ ಸಾಲದು, ಅಳತೆ ಬೇಕು. ಆ ಅಳತೆ ಹೇಗೆ ಮಾಡಿದೆವು, ಏನು ಸಿಕ್ಕಿತು ಅನ್ನೋದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ನಮ್ಮ ಭಾಗದಲ್ಲಿ ಈಗ ರಸ್ತೆ, ಕಾಲುವೆ, ಸೋಲಾರ್ ಎಲ್ಲದಕ್ಕೂ ಇದೇ ಉಪಕರಣ ಬಳಸುತ್ತಾರೆ. ಇಂಥ ಸಾಲು ಬೇರೆ ಹೊಲದಲ್ಲೂ ಜಿಗಿದಿರಬಹುದು, ಬೇರೆ ಹುಡುಗರೂ ಬೈಸಿಕೊಂಡಿರಬಹುದು.

ಜಿಗಿತ ಎಲ್ಲಿಂದ ಬಂತು

ಮೊದಲು ಸಾಲನ್ನೇ ನೋಡೋಣ. ಕೋಲು ಓರೆ ಹಿಡಿದಿದ್ದರೆ ಒಂದು ಗೂಟ ಇತ್ತ, ಒಂದು ಗೂಟ ಅತ್ತ ತಪ್ಪಬೇಕಿತ್ತು. ಇಲ್ಲಿ ಹಾಗಾಗಿಲ್ಲ. ಜಿಗಿತದ ನಂತರದ ಎಲ್ಲ ಗೂಟಗಳೂ ಒಂದೇ ಕಡೆಗೆ, ಒಂದೇ ಅಳತೆಯಷ್ಟು ಸರಿದಿದ್ದವು. ನಿದ್ದೆಗಣ್ಣಿನವನು ಇಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡಲಾರ. ರೋವರ್ ಜೊತೆ ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ನಲ್ಲಿ ಪ್ರತಿ ಗೂಟದ ಹೊತ್ತು ದಾಖಲಾಗಿರುತ್ತದೆ. ರಾತ್ರಿ ಎಂಟು ಗಂಟೆ ದಾಟಿದ ಮೇಲೆ ಫಿಕ್ಸ್ ಹೋಗಿದೆ. ಕೆಲವು ನಿಮಿಷ ಫ್ಲೋಟ್‌ನಲ್ಲಿ ನಿಂತು ಮತ್ತೆ ಫಿಕ್ಸ್ ಬಂದಿದೆ. ಜಿಗಿತ ಸರಿಯಾಗಿ ಆ ಜಾಗದಲ್ಲೇ ಇದೆ.

ಫಿಕ್ಸ್ ಅಂದರೇನು ಅನ್ನೋದು ಇಲ್ಲಿ ಮುಖ್ಯ. ಜಿಪಿಎಸ್ ಉಪಗ್ರಹ ಸುಮಾರು 20,200 ಕಿ.ಮೀ. ಎತ್ತರದಿಂದ 1575.42 ಮೆಗಾಹರ್ಟ್ಸ್‌ನಲ್ಲಿ ಒಂದು ಅಲೆ ಕಳಿಸುತ್ತದೆ. ಇದಕ್ಕೆ ಎಲ್1 ಅಂತಾರೆ. ಒಂದು ಅಲೆಯ ಉದ್ದ 19 ಸೆಂಟಿಮೀಟರ್. ಸರ್ವೆ ರೋವರ್ ಈ ಅಲೆಯ ಯಾವ ಭಾಗ ಈಗ ತನ್ನ ಆಂಟೆನಾ ಮುಟ್ಟುತ್ತಿದೆ ಅನ್ನೋದನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತದೆ. ಆದರೆ ಉಪಗ್ರಹದಿಂದ ಇಲ್ಲಿಯವರೆಗೆ ಒಟ್ಟು ಎಷ್ಟು ಪೂರ್ತಿ ಅಲೆಗಳು ಹಿಡಿಸಿವೆ ಅನ್ನೋದು ಅದಕ್ಕೆ ನೇರವಾಗಿ ಕಾಣೋದಿಲ್ಲ. ಲೆಕ್ಕ ಹಾಕಿ ಹುಡುಕಬೇಕು. ಆ ಪೂರ್ಣಸಂಖ್ಯೆಗಳು ಸಿಕ್ಕಿವೆ ಅಂತ ರೋವರ್‌ಗೆ ನಂಬಿಕೆ ಬಂದಾಗ 'ಫಿಕ್ಸ್' ಅನ್ನುತ್ತದೆ. ನಂಬಿಕೆ ಇಲ್ಲದಿದ್ದರೆ 'ಫ್ಲೋಟ್'.

ಅಪಾಯ ಇರೋದು ರೋವರ್ ತಪ್ಪು ಸಂಖ್ಯೆಯನ್ನು ನಂಬಿಬಿಟ್ಟಾಗ. ಆಗಲೂ ಸ್ಕ್ರೀನ್ ಮೇಲೆ ಒಂದೂವರೆ ಸೆಂಟಿಮೀಟರ್ ನಿಖರತೆ ಅಂತಲೇ ತೋರಿಸುತ್ತದೆ. ನಿಜವಾದ ತಪ್ಪು ಗೇಣುಗಟ್ಟಲೆ ಇರುತ್ತದೆ. ಮತ್ತೆ ಫಿಕ್ಸ್ ಹೋಗುವ ತನಕ ಆ ತಪ್ಪು ಹಾಗೇ ಉಳಿಯುತ್ತದೆ. ಸಾಲು ಜಿಗಿದು, ಆಮೇಲೆ ನೆಟ್ಟಗೆ ನಡೆದಿದ್ದು ಇದರ ಕುರುಹು.

ಯಾರ ಮೇಲೆ ಅನುಮಾನ

ಸೈಟ್‌ನಲ್ಲಿ ಎಲ್ಲರಿಗೂ ಒಂದೊಂದು ಅನುಮಾನ ಇತ್ತು. ಮೊದಲನೆಯದು ಮೊಬೈಲ್ ನೆಟ್‌ವರ್ಕ್. ಬೇಸ್ ಸ್ಟೇಷನ್ ಅಂದರೆ ಮೊದಲೇ ಗೊತ್ತಿರುವ ಜಾಗದಲ್ಲಿ ಕೂರಿಸಿದ ಇನ್ನೊಂದು ರಿಸೀವರ್; ದೂರದಲ್ಲಿರುವ ಅದರಿಂದ ರೋವರ್‌ನ ಅಳತೆಗೆ ತಿದ್ದುಪಡಿ ಸಿಮ್ ಮೂಲಕ ಬರುತ್ತದೆ. ಸಂಜೆ ಊರಿನವರೆಲ್ಲ ಫೋನ್ ಹಿಡಿದು ಕೂತಾಗ ನೆಟ್ ನಿಧಾನ ಆಗೋದು ಸಹಜ ಅಲ್ವಾ. ಎರಡನೆಯದು ಹೊಲದ ಅಂಚಿನಲ್ಲಿ ಹಾದುಹೋಗುವ ಹೈಟೆನ್ಷನ್ ಲೈನ್. ಮೂರನೆಯದು ಉಪಕರಣವೇ ಹಳೆಯದು, ರಿಪೇರಿಗೆ ಕಳಿಸಬೇಕು ಅನ್ನೋದು. ನಿಂತ ಮಷೀನುಗಳು, ಸುತ್ತಲಿನ ಕಬ್ಬಿಣದಿಂದ ಅಲೆ ಪುಟಿದು ಬರುತ್ತಿರಬಹುದು ಅಂತ ಮತ್ತೊಬ್ಬರು ಹೇಳಿದರು. ಯಾವುದನ್ನೂ ಸುಮ್ನೆ ತಳ್ಳಿಹಾಕುವ ಹಾಗಿರಲಿಲ್ಲ.

ನೆಟ್‌ವರ್ಕ್ ಪರೀಕ್ಷೆ ಸುಲಭ. ಸೈಟ್‌ನಲ್ಲೇ ಇನ್ನೊಂದು ರಿಸೀವರ್ ಬೇಸ್ ಆಗಿ ನಿಲ್ಲಿಸಿ, ತಿದ್ದುಪಡಿಯನ್ನು ರೇಡಿಯೊ ಮೂಲಕ ಕಳಿಸಿದೆವು. ಸಿಮ್ ಬೇಕಾಗಲೇ ಇಲ್ಲ. ಮಧ್ಯಾಹ್ನ ಮೊದಲಿಗಿಂತ ಬೇಗ ಫಿಕ್ಸ್ ಬಂತು, ಅಷ್ಟು ಲಾಭ ಆಯಿತು. ರಾತ್ರಿ ಎಂಟರ ನಂತರ ಮತ್ತೆ ಅದೇ ಗೋಳು. ನೆಟ್‌ವರ್ಕ್‌ನದು ತಪ್ಪಿಲ್ಲ ಅಂತಾಯಿತು. ಉಪಕರಣ ಬೆಳಗಿನ ಜಾವ ಒಂದು ಸಾರಿಯೂ ತೊಂದರೆ ಕೊಡಲಿಲ್ಲ. ಕೆಟ್ಟ ಉಪಕರಣ ಗಡಿಯಾರ ನೋಡಿ ಕೆಡೋದಿಲ್ಲ.

ಉಳಿದಿದ್ದು ಹೈಟೆನ್ಷನ್ ಲೈನ್ ಮತ್ತು ಪುಟಿದು ಬರುವ ಅಲೆ. ಇದಕ್ಕೆ ರಾತ್ರಿಯೆಲ್ಲ ಒಂದೇ ಜಾಗದಲ್ಲಿ ಅಳತೆ ತೆಗೆಯಬೇಕಾಯಿತು.

ಒಂದು ಕಲ್ಲು, ಒಂದು ಟ್ರೈಪಾಡ್

ಹೊಲದ ಮೂಲೆಯಲ್ಲಿ ಕಾಂಕ್ರೀಟಿನಲ್ಲಿ ಕೂರಿಸಿದ ಒಂದು ಕಂಟ್ರೋಲ್ ಕಲ್ಲು ಇತ್ತು. ಬೆಳಗಿನ ಹೊತ್ತು ದೀರ್ಘ ಅಳತೆ ಮಾಡಿ ಅದರ ಸ್ಥಾನ ಖಚಿತಪಡಿಸಿಕೊಂಡೆವು. ಆಮೇಲೆ ರೋವರನ್ನು ಅದರ ಮೇಲೆ ಟ್ರೈಪಾಡ್‌ನಲ್ಲಿ ಕೂರಿಸಿ, ಮಧ್ಯಾಹ್ನದಿಂದ ಮಧ್ಯರಾತ್ರಿ ದಾಟುವ ತನಕ ರಾ ಡೇಟಾ, ಅಂದರೆ ರಿಸೀವರ್ ಅಳೆದ ಕಚ್ಚಾ ಅಂಕಿಗಳನ್ನು, ದಾಖಲು ಮಾಡಿದೆವು. ಒಂದು ಸಂಜೆ ಸಾಲದು, ಹಲವು ಸಂಜೆ ಮಾಡಿದೆವು. ಕಲ್ಲು ಕದಲೋದಿಲ್ಲ. ಹಾಗಾಗಿ ದಾಖಲೆಯಲ್ಲಿ ಕಾಣುವ ಪ್ರತಿ ಅಲುಗಾಟವೂ ಅಲೆಯ ದಾರಿಯಲ್ಲೇ ಆಗಿರಬೇಕು.

ಕಲ್ಲಿನ ಸ್ಥಾನಕ್ಕಿಂತ ನಾನು ಜಾಸ್ತಿ ಹೊತ್ತು ನೋಡಿದ್ದು ಬೇರೆ ಒಂದು ಕಾಲಂ. ಪ್ರತಿ ಉಪಗ್ರಹದ ಸಿಗ್ನಲ್ ಬಲ. ಹಗಲಿನಲ್ಲಿ ಇದು ಗೀಟು ಎಳೆದ ಹಾಗೆ ಸಮವಾಗಿ ಹೋಗುತ್ತದೆ. ಎಂಟರ ನಂತರ ಕೆಲವು ಉಪಗ್ರಹಗಳ ಗೀಟು ಗರಗಸದ ಹಲ್ಲಾಯಿತು. ಒಂದೊಂದು ಸೆಕೆಂಡಿಗೂ ಮೇಲೆ ಕೆಳಗೆ ಕುಣಿಯಿತು. ತೀರಾ ಕೆಳಗೆ ಹೋದಾಗ ರಿಸೀವರ್ ಆ ಉಪಗ್ರಹವನ್ನೇ ಕಳೆದುಕೊಂಡಿತು. ಮತ್ತೆ ಹಿಡಿದಾಗ ಅಲೆಯ ಎಣಿಕೆ ತಪ್ಪಿರುತ್ತದೆ, ಪೂರ್ಣಸಂಖ್ಯೆಯ ಲೆಕ್ಕ ಮೊದಲಿಂದ ಶುರು.

ಇನ್ನೂ ಮೂರು ಸಂಗತಿ ಆ ದಾಖಲೆಯಲ್ಲಿದ್ದವು. ಉಪಗ್ರಹ ಕಳಿಸುವ ಇನ್ನೊಂದು ಅಲೆ, ಎಲ್1ಕ್ಕಿಂತ ಕಡಿಮೆ ಆವರ್ತನದ, ಅಂದರೆ 1227.60 ಮೆಗಾಹರ್ಟ್ಸ್‌ನ ಎಲ್2 ಜಾಸ್ತಿ ಪೆಟ್ಟು ತಿಂದಿತ್ತು. ಆಮೇಲೆ, ಹೊತ್ತಿನ ಲೆಕ್ಕ. ಜಿಪಿಎಸ್ ಉಪಗ್ರಹಗಳು ಆಕಾಶದ ಅದೇ ಜಾಗಕ್ಕೆ ದಿನಾ ಸುಮಾರು ನಾಲ್ಕು ನಿಮಿಷ ಮೊದಲೇ ಬರುತ್ತವೆ. ಕಬ್ಬಿಣಕ್ಕೆ ಪುಟಿದ ಅಲೆಯ ತೊಂದರೆ ಆಗಿದ್ದರೆ ಅದೇ ಉಪಗ್ರಹಕ್ಕೆ ಅದೇ ತೊಂದರೆ ಮರುದಿನ ನಾಲ್ಕು ನಿಮಿಷ ಮೊದಲು ಬರಬೇಕು. ಹಾಗೆ ಬರಲಿಲ್ಲ. ಒಂದು ಸಂಜೆ ಜೋರು, ಇನ್ನೊಂದು ಸಂಜೆ ಏನೂ ಇಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ. ನೆಲದ ಮೇಲಿನ ಯಾವುದೇ ಗದ್ದಲ, ಲೈನ್ ಇರಲಿ, ಟವರ್ ಇರಲಿ, ಆಂಟೆನಾಗೆ ಹೊಡೆದರೆ ಎಲ್ಲ ಉಪಗ್ರಹಗಳ ಸಿಗ್ನಲ್ಲೂ ಒಟ್ಟಿಗೇ ಕುಗ್ಗಬೇಕು. ಇಲ್ಲಿ ಪಾಳಿ ಪ್ರಕಾರ ಕುಗ್ಗಿದ್ದವು. ಚೊಕ್ಕವಾಗಿ ದಾಖಲಾದ ಒಂದು ಸಂಜೆ ಮೊದಲು ಪಶ್ಚಿಮದ ಉಪಗ್ರಹಗಳು, ಆಮೇಲೆ ನೆತ್ತಿಯ ಮೇಲಿನವು, ಗಂಟೆ ಒಂದೂವರೆ ಗಂಟೆಯ ನಂತರ ಪೂರ್ವದವು. ಏನೋ ಒಂದು ಪಶ್ಚಿಮದಿಂದ ಪೂರ್ವಕ್ಕೆ ನಮ್ಮ ಮೇಲೆ ಹಾದುಹೋಗಿತ್ತು.

ಎಷ್ಟು ವೇಗದಲ್ಲಿ? ಅಲೆ ಕೆಡುವ ಪದರ 350 ಕಿ.ಮೀ. ಎತ್ತರದಲ್ಲಿದೆ ಅಂದುಕೊಳ್ಳಿ. ಜೇವರ್ಗಿಯಲ್ಲಿ ನಿಂತು ಪಶ್ಚಿಮಕ್ಕೆ 45 ಡಿಗ್ರಿ ಮೇಲೆ ನೋಡಿದರೆ ಆ ನೋಟ ಆ ಪದರವನ್ನು ಸುಮಾರು 300 ಕಿ.ಮೀ. ಆಚೆ ದಾಟುತ್ತದೆ. ಅಂದರೆ ಸಾತಾರಾ ಕಡೆಯ ಆಕಾಶ. ಪೂರ್ವಕ್ಕೆ ಅಷ್ಟೇ ಮೇಲೆ ನೋಡಿದರೆ ತೆಲಂಗಾಣದ ಸೂರ್ಯಾಪೇಟೆ ಕಡೆಯದು. ನಡುವೆ ಸುಮಾರು 600 ಕಿ.ಮೀ. ಒಂದೂವರೆ ಗಂಟೆಯಲ್ಲಿ ದಾಟಿದರೆ ವೇಗ ಸೆಕೆಂಡಿಗೆ 110 ಮೀಟರ್ ಆಸುಪಾಸು. ರಾತ್ರಿಯ ಹೊತ್ತು ಅಯಾನುಗೋಳದ, ಅಂದರೆ ಮೇಲಿನ ಎಲೆಕ್ಟ್ರಾನ್ ತುಂಬಿದ ಪದರಗಳ, ಗುಳ್ಳೆಗಳು ಪೂರ್ವಕ್ಕೆ ತೇಲುವ ವೇಗ ಇದೇ ಮಟ್ಟದ್ದು. ಸೈಟ್ ಎಂಜಿನಿಯರ್ ಮುಂದೆ ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸಿದೆ. ಅವರು ಬಹಳ ಹೊತ್ತು ಹಾಳೆ ನೋಡಿ, "ಹಂಗಾದ್ರ ಸಾತಾರಾ ಮ್ಯಾಗ ಆಗಿದ್ದು ನಮ್ ಗೂಟ ಕೆಡಸ್ತದೇನ್ರಿ?" ಅಂದರು. ಹೌದು, ಹಾಗೇ ಆಗಿತ್ತು.

ಸೂರ್ಯ ಮುಳುಗಿದ ಮೇಲೆ ಮೇಲೆ ನಡೆಯೋದು

ಸೂರ್ಯನ ಅತಿನೇರಳೆ ಕಿರಣ ಮೇಲಿನ ತೆಳು ಗಾಳಿಯ ಅಣುಗಳಿಂದ ಎಲೆಕ್ಟ್ರಾನ್ ಕೀಳುತ್ತದೆ. ಹೀಗೆ ಎಲೆಕ್ಟ್ರಾನ್ ತುಂಬಿದ ಪದರಗಳೇ ಅಯಾನುಗೋಳ. ನೂರು ನೂರಿಪ್ಪತ್ತು ಕಿ.ಮೀ. ಎತ್ತರದಲ್ಲಿ ಇ ಪದರ, ಅದರ ಮೇಲೆ ಮುನ್ನೂರು ನಾನೂರು ಕಿ.ಮೀ. ತನಕ ದಟ್ಟವಾದ ಎಫ್ ಪದರ. ಹಳೆ ಮೀಡಿಯಂ ವೇವ್ ರೇಡಿಯೊ ಕೇಳಿದವರಿಗೆ ಇದರ ಪರಿಚಯ ಇದೆ. ಹಗಲು ಕೇಳದ ದೂರದ ಸ್ಟೇಷನ್ ರಾತ್ರಿ ಕೇಳಿಸೋದು ಇವುಗಳ ಕಾರಣಕ್ಕೇ. ಕೆಳಗಿನ ಡಿ ಪದರ ಹಗಲು ಆ ಅಲೆಗಳನ್ನು ನುಂಗಿಹಾಕುತ್ತದೆ. ರಾತ್ರಿ ಅದು ಇಲ್ಲವಾಗುತ್ತದೆ, ಮೇಲಿನ ಪದರ ಅಲೆಯನ್ನು ವಾಪಸ್ ಕಳಿಸುತ್ತದೆ.

ಮಾರ್ಚ್ ಕೊನೆಗೆ ಕಲಬುರಗಿ ಕಡೆ ಸೂರ್ಯ ಮುಳುಗೋದು ಸುಮಾರು ಆರೂವರೆಗೆ. 110 ಕಿ.ಮೀ. ಎತ್ತರದಲ್ಲಿ ಇನ್ನೂ ಮುಕ್ಕಾಲು ಗಂಟೆ ಬಿಸಿಲು ಇರುತ್ತದೆ. ಏಳೂಕಾಲು ಹೊತ್ತಿಗೆ ಅಲ್ಲೂ ಕತ್ತಲಾದಾಗ ಇ ಪದರ ಬೇಗ ಕರಗುತ್ತದೆ. ಆ ಸಂಧಿಯಲ್ಲಿ ಪೂರ್ವಮುಖಿ ವಿದ್ಯುತ್ ಕ್ಷೇತ್ರ ಸ್ವಲ್ಪ ಹೊತ್ತು ಜೋರಾಗುತ್ತದೆ. ಕಾಂತ ಸಮಭಾಜಕದ ಹತ್ತಿರ ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿ ಉತ್ತರ ದಕ್ಷಿಣ ಮಲಗಿರುತ್ತದೆ. ಎರಡೂ ಸೇರಿ ಎಫ್ ಪದರವನ್ನು ಮೇಲಕ್ಕೆ ಎತ್ತುತ್ತವೆ. ಈಗ ದಟ್ಟವಾದ ಪದರ ಮೇಲೆ, ಖಾಲಿ ಜಾಗ ಕೆಳಗೆ. ಇದು ಬಹಳ ಹೊತ್ತು ನಿಲ್ಲೋದಿಲ್ಲ. ಒಲೆಯ ಮೇಲಿನ ಅಂಬಲಿಯಲ್ಲಿ ತಳದಿಂದ ಗುಳ್ಳೆ ಏಳುವ ಹಾಗೆ, ಎಲೆಕ್ಟ್ರಾನ್ ಕಡಿಮೆ ಇರುವ ಗುಳ್ಳೆಗಳು ದಟ್ಟ ಪದರವನ್ನು ಸೀಳಿಕೊಂಡು ಮೇಲೇಳುತ್ತವೆ. ಪೂರ್ವ ಪಶ್ಚಿಮವಾಗಿ ಇವು ಹತ್ತಾರು ಕಿ.ಮೀ.ನಿಂದ ನೂರಾರು ಕಿ.ಮೀ. ಅಗಲ ಇರುತ್ತವೆ. ಅಂಚಿನಲ್ಲಿ ನೂರಾರು ಮೀಟರ್ ಅಳತೆಯ ಸಣ್ಣ ಸಣ್ಣ ಏರಿಳಿತಗಳು ಹುಟ್ಟುತ್ತವೆ. ಎಲ್1, ಎಲ್2 ಅಲೆಗಳು ಈ ಏರಿಳಿತಗಳಲ್ಲಿ ಹಾದು ಬರುವಾಗ ಚದುರಿ, ನೆಲದ ಮೇಲೆ ಒಂದು ಕಡೆ ಜೋರು ಒಂದು ಕಡೆ ಮಂಕಾಗಿ ಬೀಳುತ್ತವೆ. ಇದಕ್ಕೆ ಸಿಂಟಿಲೇಷನ್ ಅಂತಾರೆ. ನಾವು ನೋಡಿದ ಗರಗಸದ ಹಲ್ಲು ಇದೇ.

ಕಾಂತ ಸಮಭಾಜಕ ನಮ್ಮ ದೇಶದ ದಕ್ಷಿಣ ತುದಿಯ ಹತ್ತಿರ ಹಾದುಹೋಗುತ್ತದೆ. 1963ರಲ್ಲಿ ದೇಶದ ಮೊದಲ ರಾಕೆಟ್ ಹಾರಿಸಲು ಕೇರಳದ ತುಂಬಾ ಅನ್ನೋ ಊರನ್ನು ಆರಿಸಿದ್ದು ಇದೇ ಕಾರಣಕ್ಕೆ. ಹಾಗಾದರೆ ಅಲ್ಲಿಂದ ಇಷ್ಟು ಉತ್ತರಕ್ಕೆ, 17 ಡಿಗ್ರಿ ಅಕ್ಷಾಂಶದ ಕಲಬುರಗಿಗೆ ಗುಳ್ಳೆ ಹೇಗೆ ಬರುತ್ತದೆ? ಗುಳ್ಳೆ ಕಾಂತರೇಖೆಯ ಉದ್ದಕ್ಕೂ ಚಾಚಿಕೊಂಡಿರುತ್ತದೆ. ಸಮಭಾಜಕದ ಮೇಲೆ ಅದು ಎತ್ತರಕ್ಕೆ ಏರಿದಷ್ಟೂ ಅದರ ಎರಡು ತುದಿಗಳು ಉತ್ತರಕ್ಕೂ ದಕ್ಷಿಣಕ್ಕೂ ದೂರ ಸರಿಯುತ್ತವೆ. ಲೆಕ್ಕ ಹಾಕಿದರೆ, ಅಲ್ಲಿ ಸುಮಾರು 450 ಕಿ.ಮೀ. ದಾಟಿದ ಗುಳ್ಳೆ ನಮ್ಮ ಮೇಲಿನ 300 ಕಿ.ಮೀ. ಎತ್ತರವನ್ನು ಮುಟ್ಟುತ್ತದೆ. ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ ಗುಳ್ಳೆಗಳು ಇದಕ್ಕಿಂತ ಎಷ್ಟೋ ಮೇಲೆ ಹೋಗುತ್ತವೆ. ತಿರುಪತಿ ಹತ್ತಿರದ ಗಾದಂಕಿಯ ದೊಡ್ಡ ರೇಡಾರ್ ಇವನ್ನು ಮೇಲೇಳುವ ಗರಿಗಳ ರೂಪದಲ್ಲಿ ಎಷ್ಟೋ ಸಾರಿ ದಾಖಲಿಸಿದೆ.

ಮಧ್ಯಾಹ್ನ ಫಿಕ್ಸ್ ತಡವಾಗುತ್ತಿದ್ದಕ್ಕೂ ಕಾರಣ ಹತ್ತಿರದ್ದೇ. ಸಮಭಾಜಕದಲ್ಲಿ ಹಗಲು ಮೇಲೆದ್ದ ಎಲೆಕ್ಟ್ರಾನ್‌ಗಳು ಕಾಂತರೇಖೆ ಹಿಡಿದು ಜಾರಿ ಅಹಮದಾಬಾದ್, ಭೋಪಾಲ್ ಕಡೆ ಗುಡ್ಡೆ ಬೀಳುತ್ತವೆ. 1946ರಲ್ಲಿ ಇದನ್ನು ಜಗತ್ತಿಗೆ ತೋರಿಸಿದ್ದು ಎಡ್ವರ್ಡ್ ಆಪಲ್ಟನ್. ಕಾಂತರೇಖೆಯ ಗುಂಟ ಜಾರುವ ವಿವರಣೆಯನ್ನು ಆಗಲೇ ಕೊಟ್ಟವರು ಕೋಲ್ಕತ್ತಾದ ಶಿಶಿರ್ ಕುಮಾರ್ ಮಿತ್ರ. ಅವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕು ಅನ್ನೋದು ನನ್ನ ಆಸೆ. ಕಲಬುರಗಿ ಇರೋದು ಆ ಗುಡ್ಡೆಯ ದಕ್ಷಿಣದ ಇಳಿಜಾರಿನಲ್ಲಿ. ಇಲ್ಲಿ ಬೇಸ್ ಸ್ಟೇಷನ್ ಉತ್ತರಕ್ಕೋ ದಕ್ಷಿಣಕ್ಕೋ ಮೂವತ್ತು ನಲವತ್ತು ಕಿ.ಮೀ. ದೂರ ಇದ್ದರೆ ಎರಡರ ಮೇಲಿನ ಎಲೆಕ್ಟ್ರಾನ್ ದಟ್ಟಣೆ ಒಂದೇ ಇರೋದಿಲ್ಲ. ಎಲೆಕ್ಟ್ರಾನ್ ಲೆಕ್ಕದ ಒಂದು ಯೂನಿಟ್ ಎಲ್1ರ ಅಳತೆಯನ್ನು 16 ಸೆಂಟಿಮೀಟರ್ ಕೆಡಿಸುತ್ತದೆ. ಬೇಸ್ ಮತ್ತು ರೋವರ್ ನಡುವೆ ಒಂದು ಯೂನಿಟ್‌ಗಿಂತ ಕಡಿಮೆ ವ್ಯತ್ಯಾಸ ಇದ್ದರೂ ಪೂರ್ಣಸಂಖ್ಯೆ ಹುಡುಕೋದು ಕಷ್ಟ. ಸೈಟ್‌ನಲ್ಲೇ ಬೇಸ್ ಇಟ್ಟಾಗ ಮಧ್ಯಾಹ್ನದ ಕೆಲಸ ಸುಧಾರಿಸಿದ್ದು ಇದಕ್ಕೇ.

ಬಿಸಿಲು ತಳ್ಳಿದ ಕಡೆ

ಸೈಟ್‌ನ ಹಿರಿಯ ಸರ್ವೇಯರ್ ಒಬ್ಬರು ಒಪ್ಪಲು ತಯಾರಿರಲಿಲ್ಲ. "2019, 20ರಾಗ ಇದೇ ರೋವರ್ ಹಿಡದು ರಾತ್ರಿ ಹತ್ತರ ತನ ಮಾಡೀವ್ರಿ. ಒಂದಿನನೂ ಹಿಂಗಾಗಿಲ್ಲ." ಅವರ ಅನುಭವ ನೂರಕ್ಕೆ ನೂರು ನಿಜ. 2019ರ ಡಿಸೆಂಬರ್‌ನಲ್ಲಿ ಸೂರ್ಯನ ಚುರುಕು ಏರಿಳಿಯುವ ಹನ್ನೊಂದು ವರ್ಷದ ಚಕ್ರ ತಳ ಮುಟ್ಟಿತ್ತು. ಗುಳ್ಳೆಗಳು ಅಪರೂಪ, ಎದ್ದರೂ ನಮ್ಮ ತನಕ ಬರುವಷ್ಟು ಏರುತ್ತಿರಲಿಲ್ಲ. 2024ರಲ್ಲಿ ಚಕ್ರ ತುದಿಯಲ್ಲಿತ್ತು. ಆ ಅಕ್ಟೋಬರ್‌ನಲ್ಲಿ ಅಮೆರಿಕದ ನಾಸಾ ಮತ್ತು ಅಲ್ಲಿನ ಹವಾಮಾನ ಸಂಸ್ಥೆ ನೋವಾ ಅದನ್ನು ಅಧಿಕೃತವಾಗಿಯೇ ಹೇಳಿದವು.

ತಿಂಗಳೂ ಮುಖ್ಯ. ಭಾರತದ ರೇಖಾಂಶದಲ್ಲಿ ಮಾರ್ಚ್, ಏಪ್ರಿಲ್ ಮತ್ತು ಸೆಪ್ಟೆಂಬರ್, ಅಕ್ಟೋಬರ್ ಕೆಟ್ಟ ತಿಂಗಳುಗಳು. ಹಗಲು ರಾತ್ರಿಯ ಗಡಿಗೆರೆ ಆಗ ಕಾಂತರೇಖೆಗೆ ಸರಿಯಾಗಿ ಹೊಂದಿಕೊಳ್ಳುತ್ತದೆ. ಒಂದೇ ಕಾಂತರೇಖೆಯ ಉತ್ತರ, ದಕ್ಷಿಣ ಎರಡೂ ತುದಿಗಳಲ್ಲಿ ಇ ಪದರ ಒಟ್ಟಿಗೇ ಕತ್ತಲಾಗುತ್ತದೆ, ಎಫ್ ಪದರವನ್ನು ಎತ್ತುವ ಬಲ ಜೋರಾಗುತ್ತದೆ.

ಈಗ ನಮ್ಮ ಕಡೆಯ ಬಿಸಿಲು ಸೇರಿಸಿ ನೋಡಿ. ಮಾರ್ಚ್ ಕೊನೆಗೇ ಮಧ್ಯಾಹ್ನ ಹೊಲದಲ್ಲಿ ನಿಲ್ಲೋಕಾಗಲ್ಲ. ಏಪ್ರಿಲ್, ಮೇನಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ಸಮಯಕ್ಕೆ ಬದಲಾಗುತ್ತವೆ. ಸೈಟ್‌ನಲ್ಲಿ ಗುರುತು ಹಾಕುವವರೆಲ್ಲ ಸಂಜೆ ಐದಕ್ಕೆ ಕೆಲಸ ಶುರು ಮಾಡಿ ಫ್ಲಡ್ ಲೈಟ್ ಹಾಕಿಕೊಂಡು ಹತ್ತರ ತನಕ ಮಾಡುತ್ತಿದ್ದರು. ಮನುಷ್ಯರಿಗೆ ತಂಪಾದ ಹೊತ್ತು, ರೋವರ್‌ಗೆ ವರ್ಷದಲ್ಲೇ ಅತಿ ಕೆಟ್ಟ ಹೊತ್ತು, ಎರಡೂ ಒಂದರ ಮೇಲೊಂದು ಬಿದ್ದಿದ್ದವು. ಈ ಹುಡುಗನ ಪಾಳಿ ಆ ಹೊತ್ತಿನಲ್ಲೇ ಇತ್ತು, ಅಷ್ಟೇ.

ದಾಖಲೆ, ಲೆಕ್ಕದ ಹಾಳೆ ಎರಡನ್ನೂ ಗುತ್ತಿಗೆದಾರರ ಮುಂದಿಟ್ಟೆವು. ಬಿಲ್ಲಿನ ಕಡಿತ ಕೈಬಿಟ್ಟರು. ಕುಣಿ ಮುಚ್ಚಿದ ಖರ್ಚನ್ನು ಕೆಲಸದ ಖರ್ಚಿಗೇ ಹಾಕಿಕೊಂಡರು.

ಆಮೇಲೆ ಬದಲಾಗಿದ್ದು

ರೋವರ್ ಕೆಲಸವನ್ನು ನಸುಕಿಗೆ ಸರಿಸಿದರು. ನಾಲ್ಕೂವರೆಗೆ ಹೊಲಕ್ಕೆ ಬಂದು ಹತ್ತರೊಳಗೆ ಗುರುತು ಮುಗಿಸೋದು. ಗುಳ್ಳೆಗಳ ಕಾಟ ಸಾಮಾನ್ಯವಾಗಿ ಮಧ್ಯರಾತ್ರಿ ದಾಟಿದ ಮೇಲೆ ತಗ್ಗುತ್ತದೆ, ನಸುಕಿನಲ್ಲಿ ಎಲೆಕ್ಟ್ರಾನ್ ದಟ್ಟಣೆಯೂ ದಿನದಲ್ಲೇ ಅತಿ ಕಡಿಮೆ. ಸಂಜೆ ಗುರುತು ಹಾಕಲೇಬೇಕಾದರೆ ಟೋಟಲ್ ಸ್ಟೇಷನ್. ಅದು ಹೊಲದೊಳಗೇ ಬೆಳಕಿನಿಂದ ಅಳೆಯುತ್ತದೆ, ಆಕಾಶದ ಹಂಗಿಲ್ಲ.

ರೋವರ್ ಸೆಟ್ಟಿಂಗ್‌ನಲ್ಲಿ ಯುರೋಪಿನ ಗೆಲಿಲಿಯೊ, ಚೀನಾದ ಬೈಡೂ ಉಪಗ್ರಹಗಳನ್ನೂ ಆನ್ ಮಾಡಿಸಿದೆವು. ಮೊದಲು ಬರೀ ಜಿಪಿಎಸ್ ಮತ್ತು ರಷ್ಯಾದ ಗ್ಲೊನಾಸ್ ಇತ್ತು. ಒಂದು ಗುಳ್ಳೆ ಆಕಾಶದ ಒಂದು ಭಾಗ ಮುಚ್ಚಿದರೂ ಉಳಿದ ಭಾಗದಲ್ಲಿ ಸಾಕಷ್ಟು ಉಪಗ್ರಹ ಸಿಗುತ್ತವೆ. ಇದು ಪೂರ್ತಿ ಮದ್ದಲ್ಲ, ತೊಂದರೆ ಕಡಿಮೆ ಆಯಿತು.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಒಂದು ಸಣ್ಣ ನಿಯಮ. ಫಿಕ್ಸ್ ಹೋಗಿ ಮತ್ತೆ ಬಂದ ಪ್ರತಿ ಸಾರಿ ಮುಂದಿನ ಗೂಟಕ್ಕೆ ಹೋಗುವ ಹಾಗಿಲ್ಲ. ಹಿಂದೆ ಹೊಡೆದ ಎರಡು ಗೂಟಗಳಿಗೆ ವಾಪಸ್ ಹೋಗಿ ಕೋಲು ಇಟ್ಟು ನೋಡಬೇಕು. ಮೊದಲಿನ ಅಳತೆಯೇ ಬಂದರೆ ಮುಂದಕ್ಕೆ. ಗೇಣಿನಷ್ಟು ವ್ಯತ್ಯಾಸ ಬಂದರೆ ರೋವರ್ ಆಫ್ ಮಾಡಿ, ಹೊಸದಾಗಿ ಫಿಕ್ಸ್ ತಗೊಳ್ಳಬೇಕು. ಎರಡು ನಿಮಿಷದ ಕೆಲಸ.

ಬೀದರ್, ಯಾದಗಿರಿ ಕಡೆ ಇದೇ ಕೆಲಸ ಮಾಡುವವರಿಗೆ ಒಂದು ವಿನಂತಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸಂಜೆ ಅಳತೆ ಇದ್ದರೆ ರಾ ಡೇಟಾ ದಾಖಲು ಆನ್ ಇಡಿ, ಪ್ರತಿ ಸೆಕೆಂಡಿಗೊಂದು ಸಾಕು. ಫಿಕ್ಸ್ ಹೋದ ದಿನದ ಫೈಲನ್ನು ಅಳಿಸಬೇಡಿ. ಸೈಟ್ ಹೆಸರು, ಬೇಸ್ ಎಷ್ಟು ದೂರ, ಯಾವ ದಿಕ್ಕಿಗೆ ಅನ್ನೋದನ್ನು ಅದರ ಜೊತೆಗೇ ಬರೆದಿಡಿ. ಮೂರು ಜಿಲ್ಲೆಯ ಫೈಲ್‌ಗಳು ಒಂದೇ ಸಂಜೆಯವು ಸಿಕ್ಕರೆ, ಒಂದು ಗುಳ್ಳೆ ನಮ್ಮ ಮೇಲೆ ಎಷ್ಟು ಹೊತ್ತಿಗೆ ಬಂತು, ಉತ್ತರಕ್ಕೆ ಎಲ್ಲಿಯ ತನಕ ಚಾಚಿತ್ತು ಅಂತ ಲೆಕ್ಕ ಹಾಕಬಹುದು. ಆ ಲೆಕ್ಕ ಹಾಕೋಕೆ ನಾನು ತಯಾರಿದ್ದೇನೆ.